ಉರಿಯೂತವೂ ಅದರ ಕಾಲವೂ



ಈ ದತ್ತಿಯನ್ನು ನೆಲೆಗೊಳಿಸಿದ ಮಹನೀಯರು, ಉಪನ್ಯಾಸದ ವಿಷಯವು ವಿಜ್ಞಾನಕ್ಕೆ ಸಂಬಂಧಿಸಿದುದಾಗಿರಬೇಕೆಂದೂ, ವಿಜ್ಞಾನವನ್ನು ವ್ಯಾಸಂಗ ಮಾಡದವರಿಗೂ ಅದು ನಿಲುಕುವಂತಿರಬೇಕೆಂದೂ ವಿಧಿಸಿರುವುದರಿಂದ, ನಾವೆಲ್ಲರೂ ಒಂದಲ್ಲ ಒಂದು ಸಲ ನಮ್ಮ ಮೈಮೇಲೆಯೇ ಅನುಭವಿಸಿರತಕ್ಕ ಸಂಗತಿಯೊಂದನ್ನು ಇಂದು ಎತ್ತಿಕೊಂಡಿದ್ದೇನೆ. ವೈರಾಣುವಿನಿಂದ ಜ್ವರ ಬಂದಾಗ ಮೈ ಕಾಯುತ್ತದೆ, ಕೈಕಾಲು ಸೆಳೆಯುತ್ತವೆ, ಅನ್ನ ಸೇರುವುದಿಲ್ಲ, ಮಲಗಿದಲ್ಲಿಂದ ಏಳಲು ಮನಸ್ಸಾಗುವುದಿಲ್ಲ. ಇದೆಲ್ಲವೂ ವೈರಾಣುವಿನ ಉಪದ್ರವವೆಂದೇ ಲೋಕ ತಿಳಿದಿದೆ. ಇದರಲ್ಲಿ ಬಹುಪಾಲನ್ನು, ಪರಜೀವಿಯೊಂದು ಒಳಹೊಕ್ಕಿದೆಯೆಂದು ಅರಿತ ಶರೀರವು ತಾನಾಗಿಯೇ ಬರಮಾಡಿಕೊಳ್ಳುತ್ತದೆ. ಮೈಯನ್ನು ಕಾಯಿಸುವುದು ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್. ಹಾಗೆ ಕಾಯಿಸಲು ಅದನ್ನು ಪ್ರೇರೇಪಿಸುವುವು ನಮ್ಮವೇ ಆದ ಬಿಳಿಯ ರಕ್ತಕಣಗಳು ಸ್ರವಿಸುವ, ಸೈಟೊಕೈನುಗಳೆಂದು ಹೆಸರಾದ ಪ್ರೋಟೀನುಗಳು. ರೋಗನಿರೋಧ ವ್ಯವಸ್ಥೆಯ ಈ ಉದ್ಯೋಗಕ್ಕೆಲ್ಲ ಒಟ್ಟಾಗಿ ಉರಿಯೂತವೆಂದು ಹೆಸರು. ಇದೇ ಇಲ್ಲದಿದ್ದರೆ ಸಾಮಾನ್ಯವಾದ ನೆಗಡಿಯಿಂದಲೂ ನಾವು ಪಾರಾಗುವುದು ದುಸ್ತರವಾದೀತು; ಆದರೂ ಘೋರವಾದ ವೈರಾಣು ರೋಗಗಳಲ್ಲಿ ರೋಗಿ ಪ್ರಾಣ ಬಿಡುವುದು ಅನೇಕ ವೇಳೆ ಇದರ ದೆಸೆಯಿಂದಲೇ. ಹಿತವೂ ಅಹಿತವೂ ಒಂದೇ ಕ್ರಿಯೆಯಿಂದ ಹೊರಡುವಾಗ, ಯಾವುದನ್ನು ಉಳಿಸಿ ಯಾವುದನ್ನು ತಡೆಯುವುದೆಂದು ವೈದ್ಯನು ತೊಡಕಿಗೆ ಬೀಳುವುದು ಸಹಜ. ಈ ತೊಡಕಿಗೆ ಉತ್ತರವನ್ನು ಔಷಧಗಳ ಪಟ್ಟಿಯಲ್ಲಿ ಹುಡುಕುವುದಕ್ಕೆ ಮೊದಲು ರೋಗ ಹಿಡಿದು ಎಷ್ಟನೆಯ ದಿನವೆಂಬ ಎಣಿಕೆಯಲ್ಲಿ ಹುಡುಕಬೇಕೆಂಬುದು ನನ್ನ ಮತ; ಈ ಒಂದು ಮತವನ್ನು ಸಮರ್ಥಿಸುವುದಷ್ಟೇ ಈ ಉಪನ್ಯಾಸದ ಉದ್ದೇಶ.

ಉರಿಯೂತಕ್ಕೆ ಕೆಂಪು, ಬಾವು, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿಯೇ ಹೇಳಿದನು. ಪೀಡಿತವಾದ ಅಂಗವು ತನ್ನ ಕೆಲಸವನ್ನು ಮಾಡಲಾರದೆ ಹೋಗುವುದೆಂಬ ಐದನೆಯದು ಅನಂತರ ಸೇರಿತು. ಆದರೆ ಆ ಕೆಂಪಿನ ಒಳಗೆ ನಡೆಯುವುದೇನೆಂಬುದನ್ನು ವಿಶದವಾಗಿ ಕಂಡು ವರ್ಣಿಸಿದ ಕೀರ್ತಿ ಜರ್ಮನಿಯ ಯೂಲಿಯಸ್ ಕೋನ್‌ಹೈಮನಿಗೆ ಸಲ್ಲಬೇಕು. ೧೮೬೭ರಲ್ಲಿ ಪ್ರಕಟವಾದ ಅವನ ಪ್ರಯೋಗವು ಇಂದಿಗೂ ನೋಡುವವರ ಕಣ್ಣರಳಿಸುವಂಥದು. ಕಪ್ಪೆಯೊಂದನ್ನು ಕುರಾರೆ ಎಂಬ ವಿಷದಿಂದ ನಿಶ್ಚಲಗೊಳಿಸಿ, ಅದರ ಪಕ್ಕೆಯನ್ನು ಕೊಯ್ದು, ಕರುಳನ್ನು ಹಿಡಿದು ನಿಲ್ಲಿಸಿರುವ ಪಾರದರ್ಶಕವಾದ ಪೊರೆಯನ್ನು ಹೊರಕ್ಕೆಳೆದು, ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ಅವನು ನೋಡುತ್ತ ಕುಳಿತನು. ಗಾಳಿಗೆ ತೆರೆದುಕೊಂಡುದೇ ಆ ನಯವಾದ ಪೊರೆಗೆ ಸಾಕಾದಷ್ಟು ಗಾಯ. ಮೊದಲು ರಕ್ತನಾಳಗಳು ಹಿಗ್ಗಿದುವು, ಪ್ರವಾಹ ಚುರುಕಾಯಿತು. ಹೊತ್ತು ಕಳೆದಂತೆ ಅದೇ ಪ್ರವಾಹ ಮಂದವಾಯಿತು. ನಡುಹೊಳೆಯಲ್ಲಿ ಸಾಗುತ್ತಿದ್ದ ಬಿಳಿಯ ಕಣಗಳು ಒಂದೊಂದಾಗಿ ಅಂಚಿಗೆ ಸರಿದು, ನಾಳದ ಗೋಡೆಯನ್ನು ತಾಗಿ ತೆವಳುತ್ತ, ಕೊನೆಗೆ ಅದಕ್ಕೆ ಅಂಟಿ ನಿಂತುಬಿಟ್ಟುವು. ಅನಂತರ ಗೋಡೆಯ ಹೊರಮೈಯಲ್ಲಿ ಬಣ್ಣವಿಲ್ಲದ ಒಂದು ಸಣ್ಣ ಗುಬುಟು ಎದ್ದಿತು; ಅದು ಕ್ರಮವಾಗಿ ದಪ್ಪನಾಗುತ್ತ, ಒಳಗಿದ್ದ ಭಾಗವು ಅಷ್ಟಷ್ಟೇ ಕರಗುತ್ತ, ಕಡೆಗೆ ಸಣ್ಣದೊಂದು ತೊಟ್ಟಿನಿಂದ ಮಾತ್ರ ಗೋಡೆಗೆ ಅಂಟಿಕೊಂಡಿದ್ದು, ಆ ತೊಟ್ಟೂ ಕಳಚಿದಾಗ ಇಡಿಯ ಕಣವು ನಾಳದಿಂದ ಹೊರಬಂದು ಸುತ್ತಣ ಅಂಗಾಂಶದೊಳಕ್ಕೆ ನಡೆಯಿತು. ಕೀವಿನ ಕಣಗಳು ಗಾಯವಾದ ಸ್ಥಳದಲ್ಲಿಯೇ ಹುಟ್ಟುವುವೆಂಬುದು ಕೋನ್‌ಹೈಮನ ಗುರುವಾದ ಫಿರ್ಖೋವನ ಸಿದ್ಧಾಂತವಾಗಿತ್ತು. ಅದನ್ನು ಖಂಡಿಸುವ ಶಿಷ್ಯನ ಪ್ರಬಂಧವು ಗುರುವು ನಡೆಸುತ್ತಿದ್ದ ಪತ್ರಿಕೆಯಲ್ಲಿಯೇ ಅಚ್ಚಾಯಿತೆಂಬುದನ್ನು, ನಮ್ಮ ವಿದ್ಯಾಸಂಸ್ಥೆಗಳ ಗುರುಶಿಷ್ಯ ಸಂಬಂಧವನ್ನು ಬಲ್ಲವನಾದ ನಾನು ಹೇಳದೆ ಮುಂದೆ ಹೋಗಲಾರೆ.

ಹಾಗೆ ಹೊರಬಂದ ಕಣಗಳು ಬಂದು ಮಾಡುವುದೇನೆಂಬುದನ್ನು ೧೮೮೨ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ, ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿಟ್ಟು, ಮರುದಿನ ಅಲೆಮಾರಿ ಕೋಶಗಳು ಆ ಮುಳ್ಳನ್ನು ಮುತ್ತಿಕೊಂಡುದನ್ನು ಕಂಡ ಮೆಚ್ನಿಕೋಫ್ ವಿವರಿಸಿದನು. ಆ ಕಥೆ ಪಠ್ಯಪುಸ್ತಕಗಳಲ್ಲಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ನಮಗೆ ಮುಖ್ಯವಾದುದು ಕೋನ್‌ಹೈಮನ ಕಪ್ಪೆಯಲ್ಲಿ ಕಂಡ ಇನ್ನೊಂದು ಸಂಗತಿ: ಕಣಗಳು ಹೊರಬೀಳುವ ಹೊತ್ತಿಗೆ ನಾಳದ ಗೋಡೆ ಸಡಿಲಗೊಂಡು, ರಕ್ತದ ದ್ರವಭಾಗವೂ ಸೋರಿ ಸುತ್ತಲೂ ತುಂಬಿಕೊಳ್ಳುತ್ತದೆ. ಬೆರಳಿಗೆ ಮುಳ್ಳು ಚುಚ್ಚಿದಾಗ ಈ ಸೋರಿಕೆ ಪರಮೋಪಕಾರಿ; ರಕ್ಷಣೆಗೆ ಬೇಕಾದ ಪ್ರೋಟೀನುಗಳೆಲ್ಲ ಅದರೊಡನೆ ಬಂದು ಸೇರುತ್ತವೆ. ಆದರೆ ಮೈಯ ಎಲ್ಲ ನಾಳಗಳೂ ಒಮ್ಮೆಲೇ ಹೀಗೆ ಸಡಿಲವಾದರೆ? ಕೆರೆಯ ನೀರುಗಂಟಿಯು ಒಂದು ಗದ್ದೆಗೆ ಬೇಕಾದಾಗ ಒಂದು ತೂಬನ್ನು ಎತ್ತಿದರೆ ಪೈರು ಬದುಕುತ್ತದೆ. ಸಾಲುಕೆರೆಗಳ ತೂಬುಗಳನ್ನೆಲ್ಲ ಒಂದೇ ರಾತ್ರಿ ಎತ್ತಿಬಿಟ್ಟರೆ ಗದ್ದೆಗಳಲ್ಲಿ ಪೈರು ಕೊಳೆಯುವಷ್ಟು ನೀರೂ ಕೆರೆಗಳಲ್ಲಿ ಬರಿಯ ಕೆಸರೂ ಉಳಿಯುತ್ತವೆ. ರಕ್ತದ ಒತ್ತಡ ಕುಸಿದು, ನಾಡಿ ಸಣ್ಣಗಾಗಿ, ಕೈಕಾಲು ತಣ್ಣಗಾಗಿ ರೋಗಿಯು ಆಘಾತಾವಸ್ಥೆಗೆ ಜಾರುವುದು ಇದೇ ರೀತಿ. ನೀರು ದೇಹದಿಂದ ಎಲ್ಲಿಗೂ ಹೋಗಿರುವುದಿಲ್ಲ, ಇರಬಾರದ ಕಡೆಯಲ್ಲಿ ನಿಂತಿರುತ್ತದೆ.

ಇನ್ನು ವೈರಾಣುವಿನ ವಿಚಾರ. ಅದು ಜೀವಕೋಶದ ಒಳಗೆ ಹೊಕ್ಕು ಅಲ್ಲಿಯೇ ತನ್ನ ಸಂತಾನವನ್ನು ಬೆಳೆಸತಕ್ಕದ್ದಾದುದರಿಂದ, ಅದರ ಇರವನ್ನು ಮೊದಲು ಅರಿಯಬೇಕಾದುದು ಆ ಕೋಶವೇ. ನಮ್ಮ ಕೋಶಗಳಲ್ಲಿ ಸಾಮಾನ್ಯವಾಗಿ ಕಾಣದಂಥ ರೂಪದ ಆರ್‌ಎನ್‌ಎ ಒಳಗೆ ತಲೆದೋರಿತೆಂದರೆ, ಅದನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳು ಎಚ್ಚೆತ್ತು ಎರಡು ಕಾರ್ಯಗಳನ್ನು ಒಟ್ಟಿಗೆ ಆರಂಭಿಸುತ್ತವೆ: ಒಂದು, ನೆರೆಯ ಕೋಶಗಳು ವೈರಾಣುವಿಗೆ ಎಡೆಗೊಡದಂತೆ ಅವುಗಳನ್ನು ಸಜ್ಜುಗೊಳಿಸುವ ಇಂಟರ್‌ಫೆರಾನಿನ ಉತ್ಪಾದನೆ, ಇನ್ನೊಂದು, ಬಿಳಿಯ ಕಣಗಳನ್ನು ಕರೆತರುವ ಉರಿಯೂತದ ಸೈಟೊಕೈನುಗಳ ಉತ್ಪಾದನೆ. ಇಂಟರ್‌ಫೆರಾನನ್ನು ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬಿಬ್ಬರು ಲಂಡನ್ನಿನ ಮಿಲ್‌ಹಿಲ್ಲಿನಲ್ಲಿ ಕೋಳಿಮೊಟ್ಟೆಯ ಪೊರೆಯ ಮೇಲೆ ಪ್ರಯೋಗ ನಡೆಸಿ ಕಂಡುಹಿಡಿದುದು ೧೯೫೭ರಲ್ಲಿ. ಅದೇ ವರ್ಷ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಉಣುಗು ಕಚ್ಚಿಸಿಕೊಂಡ ಮನುಷ್ಯರಿಗೂ ತಗಲಿದ ಕಾಯಿಲೆಯೊಂದನ್ನು ವಿಜ್ಞಾನಿಗಳು ಹೊಸದೆಂದು ಗುರುತಿಸಿದರು. ಮಲೆನಾಡಿನವರು ಮಂಗನ ಕಾಯಿಲೆಯೆನ್ನುವ ಆ ಜ್ವರದಲ್ಲಿ ಕೆಲವರಿಗೆ ಮೊದಲನೆಯ ತಾಪವಿಳಿದು, ಒಂದೆರಡು ವಾರ ಸುಖವಾಗಿದ್ದು, ಗುಣವಾಯಿತೆಂದುಕೊಳ್ಳುವಷ್ಟರಲ್ಲಿ ಜ್ವರ ಮರುಕಳಿಸಿ ಕುತ್ತಿಗೆ ಬಿಗಿತ, ನಡುಕ, ಮತಿಭ್ರಮೆಗಳು ಕಾಣಿಸಿಕೊಳ್ಳುತ್ತವೆ. ವೈರಾಣು ರೋಗಕ್ಕೆ ಒಂದೇ ಅಂಕವಿರುವುದಿಲ್ಲವೆಂಬುದನ್ನು ಮಲೆನಾಡು ಹೀಗೆ ಬಲ್ಲುದು.

ವೈರಾಣುವಿನ ಪಾಲೆಷ್ಟು, ಶರೀರದ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸಿದ ಪ್ರಯೋಗಗಳಲ್ಲಿ ಸುಂಡಿಲಿಗಳ ಲಿಂಫೊಸೈಟಿಕ್ ಕೋರಿಯೊಮೆನಿಂಜೈಟಿಸ್ ವೈರಾಣುವಿನದಕ್ಕೆ ಸಮಾನವಾದುದನ್ನು ನಾನರಿಯೆ. ಈ ವೈರಾಣುವನ್ನು ಬೆಳೆದ ಸುಂಡಿಲಿಯ ಮಿದುಳಿಗೆ ಚುಚ್ಚಿದರೆ, ಸುಮಾರು ಒಂದು ವಾರದಲ್ಲಿ ಅದು ಸೆಳೆತದಿಂದ ಸಾಯುತ್ತದೆ. ಆದರೆ ೧೯೫೦ರ ದಶಕದಲ್ಲಿ ಅಮೆರಿಕದ ವಾಲೆಸ್ ರೋ ಎಂಬಾತನು, ಎಕ್ಸ್-ಕಿರಣಗಳಿಂದ ರೋಗನಿರೋಧ ಶಕ್ತಿಯನ್ನು ಕುಂದಿಸಿದ ಸುಂಡಿಲಿಗಳಿಗೆ ಅದೇ ವೈರಾಣುವನ್ನು ಕೊಟ್ಟಾಗ ಅವು ಆ ಮರಣದಿಂದ ತಪ್ಪಿಸಿಕೊಂಡುವು. ವೈರಾಣುವಾದರೋ ಮಿದುಳಿನಲ್ಲಿ ಯಥೇಚ್ಛವಾಗಿ ಬೆಳೆದೇ ಇತ್ತು. ಮುಂದೆ ೧೯೭೦ರ ದಶಕದಲ್ಲಿ ಬೇರೆ ಸಂಶೋಧಕರು, ಹಾಗೆ ನಿರೋಧಶಕ್ತಿಯನ್ನಡಗಿಸಿ ವೈರಾಣುವನ್ನು ತುಂಬಿದ ಸುಂಡಿಲಿಗಳಿಗೆ, ಅದೇ ವೈರಾಣುವಿನೊಡನೆ ಪಳಗಿದ ಲಿಂಫೊಸೈಟ್ ಎಂಬ ಬಿಳಿಯ ಕಣಗಳನ್ನು ಹೊರಗಿನಿಂದ ಕೊಟ್ಟರು. ಅದುವರೆಗೆ ಆರೋಗ್ಯವಾಗಿ ಓಡಾಡುತ್ತಿದ್ದ ಪ್ರಾಣಿಗಳು ಕೆಲವೇ ದಿನಗಳಲ್ಲಿ ಸತ್ತುವು. ಅಪರಾಧಿಯನ್ನು ಇದಕ್ಕಿಂತ ನಿಸ್ಸಂದಿಗ್ಧವಾಗಿ ತೋರಿಸಿಕೊಡುವುದು ಶಕ್ಯವೇ? ಇದೇ ವೈರಾಣುವನ್ನು ಹಿಡಿದು ಹೊರಟ ಡೊಹರ್ಟಿ ಮತ್ತು ಜಿಂಕರ್‌ನಾಗೆಲ್ ಎಂಬವರಿಗೆ, ಲಿಂಫೊಸೈಟುಗಳು ಸೋಂಕಿದ ಕೋಶವನ್ನು ಗುರುತಿಸುವ ಬಗೆಯನ್ನು ಕಂಡುದಕ್ಕಾಗಿ ೧೯೯೬ರ ನೊಬೆಲ್ ಪಾರಿತೋಷಕ ಬಂದಿತು.

ಇಷ್ಟನ್ನು ಕೇಳಿದವರು, ಎಲ್ಲ ವೈರಾಣು ರೋಗಗಳಲ್ಲಿಯೂ ಇಷ್ಟೇ ಇರುವುದೆಂದು ಅವಸರಪಡಬಾರದು. ೧೯೧೮ರ ಇನ್‌ಫ್ಲುಯೆನ್ಜಾ ಮಹಾಮಾರಿಯ ಉದಾಹರಣೆ ಇಲ್ಲಿ ಎಚ್ಚರಿಕೆ ಕಲಿಸುವಂಥದು. ಭಾರತದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂಡೊಯ್ದ ಆ ರೋಗವು, ಮುದುಕರನ್ನೂ ಶಿಶುಗಳನ್ನೂ ಮಾತ್ರ ಆರಿಸಿಕೊಳ್ಳದೆ, ಇಪ್ಪತ್ತರಿಂದ ನಲವತ್ತರ ಪ್ರಾಯದ ಗಟ್ಟಿಮುಟ್ಟಾದವರನ್ನೇ ವಿಶೇಷವಾಗಿ ಬಲಿ ತೆಗೆದುಕೊಂಡಿತು. ಅಲಾಸ್ಕದ ಬ್ರೆವಿಗ್ ಮಿಷನ್ ಎಂಬ ಹಳ್ಳಿಯಲ್ಲಿ ಎಂಬತ್ತು ಮಂದಿ ವಯಸ್ಕರ ಪೈಕಿ ೭೨ ಮಂದಿ ಐದೇ ದಿನಗಳಲ್ಲಿ ಸತ್ತರು. ಹಿಮಗಟ್ಟಿದ ಆ ನೆಲದಲ್ಲಿ ಹೂಳಿದ್ದ ಶವವೊಂದರ ಶ್ವಾಸಕೋಶದಿಂದಲೂ ಆಸ್ಪತ್ರೆಗಳಲ್ಲಿ ಉಳಿದಿದ್ದ ಅಂಗಾಂಶಗಳಿಂದಲೂ ವೈರಾಣುವಿನ ಆನುವಂಶಿಕ ಬರಹವನ್ನು ಬಿಡಿಸಿ ಓದಿ, ೨೦೦೫ರಲ್ಲಿ ಅದನ್ನು ಪುನಃ ನಿರ್ಮಿಸಿದರು. ೨೦೦೭ರಲ್ಲಿ ಕೆನಡಾದ ವಿನ್ನಿಪೆಗ್ಗಿನಲ್ಲಿ ಅದನ್ನು ಕೋತಿಗಳಿಗೆ ಕೊಟ್ಟು ನೋಡಿದಾಗ ಅವುಗಳ ಆದ್ಯ ರಕ್ಷಣೆ ಕ್ರಮಗೆಟ್ಟು ಮಿತಿಮೀರಿದುದು ಕಂಡುಬಂದಿತು. ಗಟ್ಟಿಮುಟ್ಟಾದವರ ನಿರೋಧಶಕ್ತಿಯೂ ಗಟ್ಟಿಯಾಗಿದ್ದುದೇ ಅವರಿಗೆ ಮುಳುವಾಯಿತೆಂಬ ಆಕರ್ಷಕವಾದ ವಿವರಣೆ ಹುಟ್ಟಿ ಎಲ್ಲೆಡೆಯೂ ಹಬ್ಬಿತು. ಆದರೆ ಕಾಪಿಟ್ಟಿದ್ದ ಶವಪರೀಕ್ಷೆಯ ಅಂಗಾಂಶಗಳನ್ನು ಮರಳಿ ಪರಿಶೀಲಿಸಿ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನವು, ಆ ಮರಣಗಳಲ್ಲಿ ಬಹುಪಾಲು ವೈರಾಣುವಿನ ಹಿಂದೆಯೇ ಬಂದ ಬ್ಯಾಕ್ಟೀರಿಯಾಗಳ ನ್ಯುಮೋನಿಯದಿಂದಾದುವೆಂದು ತೋರಿಸಿತು. ಎರಡೂ ನಿಜವಿರಲು ಸಾಧ್ಯ; ಮಿತಿಮೀರಿದ ಉರಿಯೂತದಿಂದ ಜರ್ಜರವಾದ ಶ್ವಾಸನಾಳದಲ್ಲಿ ಬ್ಯಾಕ್ಟೀರಿಯಾ ನೆಲೆಸುವುದು ಸುಲಭ. ಚಂದವಾದ ವಿವರಣೆಯ ಬಗ್ಗೆ ವೈದ್ಯನಿಗೆ ಸ್ವಲ್ಪ ಸಂಶಯವಿದ್ದರೆ ರೋಗಿಗೆ ಕ್ಷೇಮ.

ಈ ನಮ್ಮ ಕಾಲದ ಕೋವಿಡ್ ವ್ಯಾಧಿಯಲ್ಲಿ ಕಾಲದ ಮಹಿಮೆ ಕಣ್ಣಿಗೆ ಕಟ್ಟುವಂತೆ ಪ್ರಕಟವಾಯಿತು. ಮನುಷ್ಯನ ಶ್ವಾಸಕೋಶಗಳಲ್ಲಿ ಸುಮಾರು ೪೮ ಕೋಟಿ ಗಾಳಿಗೂಡುಗಳುಂಟು. ಒಂದೊಂದು ಗೂಡಿನ ಗಾಳಿಗೂ ಅದನ್ನು ಸುತ್ತಿದ ರಕ್ತಕ್ಕೂ ನಡುವೆ ಇರುವ ಗೋಡೆಯು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಪ್ರಾಣವಾಯು ದಾಟಬೇಕಾದ ದಾರಿ ಅಷ್ಟು ಕಿರಿದಾಗಿರುವುದರಿಂದಲೇ ನಾವು ಬದುಕಿದ್ದೇವೆ. ಅಷ್ಟು ತೆಳುವಾದುದರಿಂದಲೇ ಅಲ್ಲಿ ಉರಿಯೂತ ಕಾಲಿಟ್ಟರೆ ಅನಾಹುತವೂ ಅಷ್ಟೇ ದೊಡ್ಡದು. ಕಪ್ಪೆಯ ಪೊರೆಯಲ್ಲಿ ಕಂಡುದೆಲ್ಲವೂ ಇಲ್ಲಿಯೂ ನಡೆಯುತ್ತದೆ: ನಾಳಗಳು ಸಡಿಲವಾಗುತ್ತವೆ, ಪ್ರೋಟೀನು ತುಂಬಿದ ದ್ರವವು ಗೂಡುಗಳೊಳಗೆ ಇಳಿಯುತ್ತದೆ, ನ್ಯೂಟ್ರೊಫಿಲ್ ಎಂಬ ಕಣಗಳು ಬಂದು ತಮ್ಮ ಕಿಣ್ವಗಳನ್ನು ಚೆಲ್ಲುತ್ತವೆ, ಸತ್ತ ಕೋಶಗಳೂ ಪ್ರೋಟೀನೂ ಸೇರಿ ಗೂಡಿನ ಒಳಗೋಡೆಯ ಮೇಲೆ ಗಾಜಿನಂಥ ಪೊರೆಯೊಂದನ್ನು ಲೇಪಿಸುತ್ತವೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಜ್ವರ ಬಂದ ಒಂದು ವಾರದ ಆಸುಪಾಸಿನಲ್ಲಿ, ಮೂಗುಗಂಟಲುಗಳಲ್ಲಿ ವೈರಾಣುವಿನ ಪ್ರಮಾಣ ಇಳಿಮುಖವಾಗಿರುವಾಗಲೇ, ಎಷ್ಟೋ ಜನರ ಬೆರಳಿನ ಆಕ್ಸಿಮೀಟರು ತೊಂಬತ್ತಾರು, ತೊಂಬತ್ತನಾಲ್ಕು, ತೊಂಬತ್ತು ಎಂದು ಕೆಳಗಿಳಿಯತೊಡಗಿದ್ದು ಇದರಿಂದಲೇ.

ಕೆಲವರಿಗೆ ಮಾತ್ರ ಹೀಗಾಗುವುದೇಕೆ? ಒಂದು ಕಾರಣ ೨೦೨೦ರಲ್ಲಿಯೇ ಬೆಳಕಿಗೆ ಬಂದಿತು. ಪ್ರಾಣಾಪಾಯದ ಸ್ಥಿತಿಗೆ ಮುಟ್ಟಿದ ೯೮೭ ಕೋವಿಡ್ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ, ಅವರ ಪೈಕಿ ೧೦೧ ಮಂದಿಯಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳು ಕಂಡುಬಂದುವು. ಆ ೧೦೧ರಲ್ಲಿ ೯೫ ಮಂದಿ ಗಂಡಸರು. ಸೋಂಕಿದ್ದೂ ಲಕ್ಷಣಗಳೇ ಕಾಣದ ಅಥವಾ ಸೌಮ್ಯವಾಗಿ ಕಂಡ ೬೬೩ ಜನರಲ್ಲಿ ಒಬ್ಬರಲ್ಲಿಯೂ ಅವು ಇರಲಿಲ್ಲ. ಇದರ ಅರ್ಥವನ್ನು ಸಾವಧಾನವಾಗಿ ಪರಿಭಾವಿಸಬೇಕು. ಈ ರೋಗಿಗಳು ಕೆಟ್ಟುದು ಮೊದಲ ದಿನಗಳ ರಕ್ಷಣೆ ಅತಿಯಾದುದರಿಂದಲ್ಲ, ಅದು ಸಾಲದೆ ಹೋದುದರಿಂದ. ಇಂಟರ್‌ಫೆರಾನು ಕೈಕೊಟ್ಟಾಗ ವೈರಾಣು ನಿರಾತಂಕವಾಗಿ ವೃದ್ಧಿಯಾಯಿತು. ಅನಂತರ ಎಚ್ಚೆತ್ತ ಉರಿಯೂತಕ್ಕೆ ಎದುರಾದುದು ಎಲ್ಲೆಲ್ಲೂ ಹರಡಿಹೋದ ಸೋಂಕು. ತಡವಾಗಿ ಹೊರಟವನು ಹೆಚ್ಚು ಬಲವನ್ನು ಬಳಸಬೇಕಾಗುವಂತೆ, ಮೊದಲಿನ ಕೊರತೆಯೇ ಕಡೆಯ ಅತಿರೇಕಕ್ಕೆ ಬೀಜವಾಯಿತು. ಇದನ್ನು ಒಪ್ಪಿಕೊಂಡ ಮೇಲೆ, ಜ್ವರವೆಂದೊಡನೆ ಉರಿಯೂತವನ್ನು ಅಡಗಿಸಬೇಕೆನ್ನುವವರ ವಾದವೂ, ನಿರೋಧಶಕ್ತಿಯನ್ನು ಸದಾಕಾಲವೂ ಹೆಚ್ಚಿಸುತ್ತಿರಬೇಕೆಂದು ಕಷಾಯದ ಪುಡಿ ಮಾರುವವರ ವಾದವೂ ಸಮಾನವಾಗಿ ನಿರಾಧಾರವೆನಿಸುತ್ತವೆ.

ಈ ಮಾತಿಗೆ ಬಲವಾದ ಸಾಕ್ಷ್ಯ, ಬ್ರಿಟನ್ನಿನಲ್ಲಿ ಕೋವಿಡ್ ರೋಗಿಗಳ ಮೇಲೆ ನಡೆದ ರಿಕವರಿ ಎಂಬ ಪ್ರಯೋಗ. ಉರಿಯೂತವನ್ನು ತಗ್ಗಿಸುವ, ಸ್ಟೆರಾಯ್ಡುಗಳೆಂದು ಕರೆಯುವ ಕಾರ್ಟಿಸೋನ್ ವರ್ಗದ ಔಷಧಗಳು ಹೊಸವೇನಲ್ಲ. ಅವುಗಳ ಸಂಬಂಧವಾಗಿ ಹೆಂಚ್, ಕೆಂಡಲ್ ಮತ್ತು ರೈಕ್‌ಸ್ಟೈನರಿಗೆ ೧೯೫೦ರಷ್ಟು ಹಿಂದೆಯೇ ನೊಬೆಲ್ ಬಂದಿತ್ತು. ಆ ವರ್ಗದ ಡೆಕ್ಸಾಮೆಥಾಸೋನನ್ನು, ಎಷ್ಟೋ ಕಡೆ ಕಾಫಿಯ ಬೆಲೆಗೂ ಸಿಗುವ ಮದ್ದನ್ನು, ದಿನಕ್ಕೆ ೬ ಮಿಲಿಗ್ರಾಂ ಮೇರೆಗೆ ಹತ್ತು ದಿನಗಳ ಮಿತಿಯಲ್ಲಿ ೨,೧೦೪ ರೋಗಿಗಳಿಗೆ ಕೊಟ್ಟು, ಅದನ್ನು ಕೊಡದ ೪,೩೨೧ ರೋಗಿಗಳೊಡನೆ ಹೋಲಿಸಿದರು. ಕೃತಕ ಉಸಿರಾಟದ ಯಂತ್ರದಲ್ಲಿದ್ದವರಲ್ಲಿ ೨೮ ದಿನಗಳೊಳಗಿನ ಮರಣ ಶೇಕಡಾ ೪೧.೪ರಿಂದ ೨೯.೩ಕ್ಕೆ ಇಳಿಯಿತು, ಬರಿಯ ಆಮ್ಲಜನಕ ಪಡೆಯುತ್ತಿದ್ದವರಲ್ಲಿ ೨೬.೨ರಿಂದ ೨೩.೩ಕ್ಕೆ. ಆಮ್ಲಜನಕವೇ ಬೇಕಾಗದಿದ್ದವರಲ್ಲಿ ಮಾತ್ರ ಔಷಧ ಪಡೆಯದವರ ಮರಣ ಶೇಕಡಾ ೧೪, ಪಡೆದವರದು ೧೭.೮, ಈ ಅಂತರವು ಆಕಸ್ಮಿಕವಿರಬಹುದಾದರೂ ಲಾಭದ ಸುಳಿವಂತೂ ಅಲ್ಲಿ ಇರಲಿಲ್ಲ. ಒಂದೇ ಮದ್ದು, ಒಂದೇ ಪ್ರಮಾಣ, ಒಂದೇ ರೋಗ. ಬೇರೆಯಾದುದು ರೋಗದ ಘಟ್ಟ. ಫಲಿತಾಂಶವು ೨೦೨೦ರ ಜೂನ್ ೧೬ರಂದು ಹೊರಬಿದ್ದು ಲೋಕವೆಲ್ಲ ಕೊಂಡಾಡಿತಷ್ಟೆ. ಕೊಂಡಾಡಿದವರಲ್ಲಿ ಎಷ್ಟೋ ಮಂದಿ ಮೂರನೆಯ ಅಂಕಿಯನ್ನು ಓದಲೇ ಇಲ್ಲ. ಮರುವರ್ಷದ ಎರಡನೆಯ ಅಲೆಯಲ್ಲಿ ನಮ್ಮ ನಾಡಿನಲ್ಲಿಯೂ ಇತರೆಡೆಯೂ, ಜ್ವರ ಬಂದ ಮೊದಲ ದಿನವೇ, ಉಸಿರಾಟ ಸರಿಯಾಗಿದ್ದವರೂ ಮೊಬೈಲಿನಲ್ಲಿ ಬಂದ ಚೀಟಿಯನ್ನು ತೋರಿಸಿ ಔಷಧದಂಗಡಿಯಿಂದ ಸ್ಟೆರಾಯ್ಡ್ ಮಾತ್ರೆಗಳನ್ನು ತಂದು ನುಂಗಿದರು. ವೈರಾಣುವನ್ನು ತಡೆಯಬೇಕಾದ ದಿನಗಳಲ್ಲಿ ತಡೆಯುವ ಶಕ್ತಿಯನ್ನೇ ಕಟ್ಟಿಹಾಕಿದಂತಾಯಿತು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೂ ಸ್ಟೆರಾಯ್ಡೂ ಕೂಡಿದಲ್ಲಿ ಬ್ಲ್ಯಾಕ್ ಫಂಗಸ್ ಎಂದು ಜನ ಕರೆದ ಶಿಲೀಂಧ್ರವು ಕಣ್ಣನ್ನೂ ದವಡೆಯನ್ನೂ ಹಿಡಿಯಿತು. ಆ ಬೇಸಗೆಯಲ್ಲಿ ದೇಶದಲ್ಲಿ ದಾಖಲಾದ ಅಂಥ ರೋಗಿಗಳು ೪೫,೦೦೦ಕ್ಕೂ ಹೆಚ್ಚು.

ಉರಿಯೂತದ ಒಂದೇ ಒಂದು ಎಳೆಯನ್ನು ಹಿಡಿದು ತಡೆಯುವ ಮದ್ದುಗಳೂ ಬಂದಿವೆ. ಜಪಾನಿನ ಕಿಶಿಮೊಟೊ ಅವರ ಬಳಗವು ಬಿಡಿಸಿದ ಇಂಟರ್‌ಲ್ಯೂಕಿನ್-೬ ಎಂಬ ಸೈಟೊಕೈನಿನ ದಾರಿಗಟ್ಟುವ ಟೊಸಿಲಿಜುಮಾಬನ್ನು ಕೊಟ್ಟಾಗ, ರಿಕವರಿ ಪ್ರಯೋಗದಲ್ಲಿಯೇ ಮರಣ ಶೇಕಡಾ ೩೫ರಿಂದ ೩೧ಕ್ಕೆ ಇಳಿಯಿತು. ಅದನ್ನು ಕೊಟ್ಟುದು ಆಮ್ಲಜನಕ ಕುಗ್ಗಿ ಉರಿಯೂತ ಏರಿದವರಿಗೆ ಮಾತ್ರ. ಇಳಿಕೆ ದೊಡ್ಡದೆನ್ನಲಾಗದು. ಘೋರ ಕೋವಿಡ್ಡಿನಲ್ಲಿ ಈ ಸೈಟೊಕೈನಿನ ಪ್ರಮಾಣವು ಇತರ ಕಾರಣಗಳಿಂದ ಶ್ವಾಸಕೋಶ ಕೆಟ್ಟ ಕೆಲವು ರೋಗಿಗಳಲ್ಲಿ ಇರುವುದಕ್ಕಿಂತ ಕಡಮೆಯೇ ಇದ್ದುದನ್ನು ನೆನೆದರೆ, ಒಂದೇ ಪ್ರೋಟೀನಿನ ಮೇಲೆ ದೋಷವನ್ನೆಲ್ಲ ಹೊರಿಸುವುದು ಸಲ್ಲದು.

ನಮ್ಮ ಊರುಗಳಲ್ಲಿ ಪ್ರತಿ ಮಳೆಗಾಲವೂ ಕಾಣುವ ಡೆಂಗಿಯಲ್ಲಿ ಈ ಕಾಲನಿಯಮವು ಇನ್ನೂ ನಿಷ್ಠುರ. ನಾಲ್ಕು ಬಗೆಯ ಡೆಂಗಿ ವೈರಾಣುಗಳಲ್ಲಿ ಒಂದು ಬಂದುಹೋದವರಿಗೆ ಇನ್ನೊಂದು ಬಂದಾಗ ರೋಗವು ಉಗ್ರವಾಗಬಹುದೆಂಬುದನ್ನು ಹಾಲ್‌ಸ್ಟೆಡ್ ಎಂಬ ವೈದ್ಯರು ೧೯೬೦ರ ದಶಕದಲ್ಲಿ ಬ್ಯಾಂಕಾಕಿನ ಮಕ್ಕಳಲ್ಲಿ ಕಂಡರು. ಹಳೆಯ ಪ್ರತಿಕಾಯಗಳು ಹೊಸ ವೈರಾಣುವನ್ನು ಕೊಲ್ಲಲಾರದೆ, ಅದನ್ನು ಬಿಳಿಯ ಕಣಗಳೊಳಕ್ಕೆ ಸೇರಿಸಲು ನೆರವಾಗುತ್ತವೆ. ಡೆಂಗಿಯ ಕ್ರೂರತನವಿರುವುದು ಅದರ ವೇಳೆಯಲ್ಲಿ. ಮೂರರಿಂದ ಏಳನೆಯ ದಿನದೊಳಗೆ ಜ್ವರ ಬಿಡುತ್ತದೆ, ರಕ್ತದಲ್ಲಿ ವೈರಾಣು ಕಡಮೆಯಾಗುತ್ತದೆ, ಮನೆಯವರು ಮಗುವಿಗೆ ತಲೆಗೆ ನೀರೆರೆಯುವ ಮಾತಾಡುತ್ತಾರೆ. ಸರಿಯಾಗಿ ಆಗಲೇ ನಾಳಗಳು ಸೋರತೊಡಗಿ, ಮುಂದಿನ ಒಂದೆರಡು ದಿನ ಪ್ರಾಣಾಪಾಯದ ದಿನಗಳಾಗುತ್ತವೆ. ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಅಂಗಾಲು, ರಕ್ತದಲ್ಲಿ ಕೆಂಪುಕಣಗಳ ಸಾಂದ್ರತೆಯ ಏರಿಕೆ, ಇವು ಅದರ ಕುರುಹುಗಳು. ಮನೆಯವರಾದರೋ ಪ್ಲೇಟ್ಲೆಟ್ ಸಂಖ್ಯೆಯೊಂದನ್ನೇ ಜಪಿಸುತ್ತ ಪಪ್ಪಾಯದೆಲೆಯ ರಸಕ್ಕೆ ಅಲೆಯುತ್ತಾರೆ. ಸೋರುವುದು ಅಲ್ಪಕಾಲ ಮಾತ್ರವಾದುದರಿಂದ ಆ ಅವಧಿಯಲ್ಲಿ ಅಳತೆಯರಿತು ದ್ರವ ಕೊಟ್ಟರೆ ಬಹುಮಂದಿ ಉಳಿಯುತ್ತಾರೆ; ಸೋರಿಕೆ ನಿಂತ ಮೇಲೆಯೂ ಸುರಿಯುತ್ತ ಹೋದರೆ ಅದೇ ದ್ರವ ಶ್ವಾಸಕೋಶಕ್ಕೇರುತ್ತದೆ.

ಇಂಟರ್‌ಫೆರಾನಿನ ಕಥೆಯೂ ಈ ಕಾಲನಿಯಮವನ್ನೇ ಅನುಮೋದಿಸುತ್ತದೆ. ಕೋವಿಡ್ಡಿನಿಂದ ಆಸ್ಪತ್ರೆ ಸೇರಿದವರಿಗೆ ಬೀಟಾ ಇಂಟರ್‌ಫೆರಾನನ್ನು ಕೊಟ್ಟ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗದಲ್ಲಿ ಮರಣ ಕಡಮೆಯಾಗಲಿಲ್ಲ. ಲಕ್ಷಣಗಳು ತೋರಿದ ಏಳು ದಿನಗಳೊಳಗೆ ಲ್ಯಾಂಬ್ಡಾ ಇಂಟರ್‌ಫೆರಾನನ್ನು ಒಂದೇ ಸಲ ಚುಚ್ಚಿ, ಬಹುಮಟ್ಟಿಗೆ ಬ್ರೆಜಿಲಿನಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯಾದರೋ, ಆಸ್ಪತ್ರೆ ಸೇರಬೇಕಾದವರು ಅಥವಾ ತುರ್ತು ವಿಭಾಗದಲ್ಲಿ ದೀರ್ಘಕಾಲ ನಿಲ್ಲಬೇಕಾದವರು ಶೇಕಡಾ ೫.೬ರಿಂದ ೨.೭ಕ್ಕೆ ಇಳಿದರು.

ರೋಗದ ಘಟ್ಟವೇ ಇಷ್ಟು ಮುಖ್ಯವಾದರೂ, ರೋಗಿಯ ಶರೀರವು ಯಾವ ಘಟ್ಟದಲ್ಲಿದೆಯೆಂದು ಖಚಿತವಾಗಿ ಅಳೆದು ಹೇಳತಕ್ಕ ಪರೀಕ್ಷೆಯೊಂದು ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಇನ್ನೂ ಬಂದು ಕುಳಿತಿಲ್ಲ. ಸಿಆರ್‌ಪಿ ಮುಂತಾದ ರಕ್ತಪರೀಕ್ಷೆಗಳು ಉರಿಯೂತವಿದೆಯೆಂದು ಹೇಳಬಲ್ಲುವು, ಅದು ಸಕಾಲಿಕವೋ ಅಲ್ಲವೋ ಎಂಬುದನ್ನು ಹೇಳಲಾರವು. ಆದುದರಿಂದ ನಾವು ರೋಗಿಯ ನೆನಪನ್ನೇ ಆಶ್ರಯಿಸಬೇಕಾಗಿದೆ. ಜ್ವರ ಬಂದು ಎಷ್ಟು ದಿನವಾಯಿತೆಂದು ನೇರವಾಗಿ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ‘ಎರಡು ಮೂರು ದಿನ’. ದಿನಗಳನ್ನು ಯಾರೂ ಎಣಿಸಿಕೊಂಡಿರುವುದಿಲ್ಲ. ‘ಯಜಮಾನರೇ, ಸೋಮವಾರ ಸಂತೆಗೆ ಹೋಗಿದ್ದಿರಾ? ಅವತ್ತು ಊಟ ಸೇರಿತ್ತಾ?’ ಎಂದು ಕೇಳುವ ವೈದ್ಯನಿಗೆ, ‘ಹೋಗಿದ್ದೆ ಸ್ವಾಮಿ, ಆವಾಗ್ಲೇ ಮೈಕೈ ನೋವು, ಮಾತ್ರೆ ನುಂಗಿ ಹೋಗಿದ್ದು’ ಎಂಬ ಉತ್ತರ ಬರುತ್ತದೆ. ಚೀಟಿಯಲ್ಲಿ ಮೂರನೆಯ ದಿನವೆಂದು ಬರೆದಿದ್ದುದನ್ನು ಆಗ ಐದೆಂದು ತಿದ್ದಬೇಕಾಗುತ್ತದೆ. ಮಳೆಗಾಲವಾಗಿದ್ದು ಡೆಂಗಿಯ ಶಂಕೆಯಿದ್ದ ಪಕ್ಷದಲ್ಲಿ, ಜ್ವರ ಬಿಟ್ಟಿದೆಯೆಂದು ಎದ್ದು ಹೊರಟ ಆ ಯಜಮಾನರನ್ನು ಕೂರಿಸಿ, ರಕ್ತದ ಸಾಂದ್ರತೆಯನ್ನು ಆರು ಗಂಟೆಗೊಮ್ಮೆ ನೋಡುವುದಕ್ಕಾಗಿ ಅಂದಿನ ರಾತ್ರಿ ವಾರ್ಡಿನಲ್ಲಿಯೇ ಉಳಿಸಿಕೊಳ್ಳಬೇಕಾಗುತ್ತದೆ.